ಬಾದಾಮಿ, ಐಹೊಳೆ, ಪಟ್ಟದಕಲ್ಲು ಒಂದೇ ದಿನದಲ್ಲಿ ಅಂದರೆ ಒಪ್ಪಬೇಡಿ

ಅಮ್ಮ 30 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಪ್ರತಿ ವರ್ಷವೂ ಕಪ್ಪೆ ಅರಭಟ್ಟನ ಶಾಸನದ ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಸಾಲನ್ನು ಬೋರ್ಡಿನ ಮೇಲೆ ಬರೆದು, ಇದು ತ್ರಿಪದಿ, ಬಾದಾಮಿಯ ಬಂಡೆ ಮೇಲಿದೆ ಅಂತ ಮಕ್ಕಳಿಗೆ ಹೇಳುತ್ತಿದ್ದರು. ಆದರೆ ಆ ಬಂಡೆಯನ್ನು ಒಮ್ಮೆಯೂ ನೋಡಿರಲಿಲ್ಲ. ಅವರಿಗೆ ತೋರಿಸಬೇಕು ಅಂತಲೇ ಕಳೆದ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ಒಂದು ಪ್ಯಾಕೇಜ್ ಬುಕ್ ಮಾಡಿದೆ. ಕಾರು, ಊಟ, ಗೈಡು, ಮೂರೂ ಊರು, ಒಂದೇ ದಿನ. ಪೂರ್ತಿ ದುಡ್ಡು ಮುಂಗಡ ಕೊಟ್ಟುಬಿಟ್ಟೆ. ಅದೇ ಮೊದಲ ತಪ್ಪು.

ಆರಕ್ಕೆ ಬರಬೇಕಿದ್ದ ಕಾರು ಬಂದಿದ್ದು ಎಂಟಕ್ಕೆ. ಐಹೊಳೆಯಲ್ಲಿ ಗೈಡ್ ಸೇರಿಕೊಂಡ. ದುರ್ಗ ಗುಡಿಯ ಮುಂದೆ ನಿಂತು ‘ಇದು ದುರ್ಗಾದೇವಿ ದೇವಸ್ಥಾನ’ ಅಂದ. ಹತ್ತಿರ ಕೋಟೆ, ಅಂದರೆ ದುರ್ಗ ಇದ್ದದ್ದರಿಂದ ಬಂದ ಹೆಸರು ಅದು ಅಂತ ಅಮ್ಮ ಮೆಲ್ಲಗೆ ಹೇಳಿದರು. ಅವನು ಕೇಳಿಸಿಕೊಳ್ಳಲೇ ಇಲ್ಲ. ಮೇಗುಟಿ ಗುಡ್ಡ ಹತ್ತೋಣ ಅಂದರೆ, ‘ಅಲ್ಲೇನಿದೆ ಮೇಡಂ, ಸುಮ್ನೆ ಕಲ್ಲು’ ಅಂದುಬಿಟ್ಟ. ಆ ಕಲ್ಲಿನಲ್ಲೇ ಅಲ್ವಾ, 634ರಲ್ಲಿ ಕವಿ ರವಿಕೀರ್ತಿ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಕಥೆ ಬರೆದದ್ದು? ಹರ್ಷವರ್ಧನ ಸೋತು ಹರ್ಷ ಕಳೆದುಕೊಂಡ ಎಂಬ ಸಾಲು ಇರೋದು ಅಲ್ಲೇ. ನನಗೆ ಹೊಟ್ಟೆ ಉರಿದುಹೋಯಿತು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ತೋರಿಸಪ್ಪಾ ಅಂದಾಗ ಮಾತು ತಿರುಗಿಸಿದ.

ಪಟ್ಟದಕಲ್ಲಿಗೆ ಸಿಕ್ಕಿದ್ದು ಅರ್ಧ ಗಂಟೆ. ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಒಳಗೆ ಕಂಬಕಂಬದಲ್ಲೂ ರಾಮಾಯಣ, ಮಹಾಭಾರತ ಕೆತ್ತಿದ್ದಾರೆ. ಅಮ್ಮ ಒಂದು ಕಂಬದ ಹತ್ತಿರ ಕನ್ನಡಕ ಸರಿಮಾಡಿಕೊಂಡು ಬಗ್ಗುವಷ್ಟರಲ್ಲಿ ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಅಷ್ಟು ಅವಸರ ಯಾಕೆ ಅಂದರೆ, ಗುಳೇದಗುಡ್ಡ ಖಣದ ಅಂಗಡಿಗೆ ಕರೆದುಕೊಂಡು ಹೋಗಲು. ಪ್ಯಾಕೇಜಿನಲ್ಲಿ ಅದು ಇರಲೇ ಇಲ್ಲ. ಅಲ್ಲಿ ಒಂದೂವರೆ ಗಂಟೆ ಹೋಯಿತು.

ಬಾದಾಮಿ ತಲುಪಿದಾಗ ಗುಹೆಗಳ ಗೇಟು ಮುಚ್ಚಿತ್ತು. 578ರ ಮೂರನೇ ಗುಹೆ, ಅದರ ದೊಡ್ಡ ವಿಷ್ಣು, ಯಾವುದೂ ಇಲ್ಲ. ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕತ್ತಲಾಗುತ್ತಿತ್ತು. ಅಮ್ಮ ನೀರಿನ ಆಚೆಯ ಕೆಂಪು ಬಂಡೆಗಳ ಕಡೆ ನೋಡುತ್ತಾ, ‘ಅದು ಯಾವುದಿರಬಹುದು?’ ಅಂತ ಕೇಳಿದರು. ತೋರಿಸಲು ನನಗೆ ಗೊತ್ತಿರಲಿಲ್ಲ. ಗೈಡ್ ಪಟ್ಟದಕಲ್ಲಿನಲ್ಲೇ ಇಳಿದು ಹೋಗಿದ್ದ.

ದಯವಿಟ್ಟು ನೀವು ಹೀಗೆ ಮಾಡಬೇಡಿ. ಬಾದಾಮಿಯಲ್ಲಿ ಎರಡು ರಾತ್ರಿ ಉಳಿಯಿರಿ. ಊರಿಗೆ ರೈಲಿದೆ, ಬಸ್ಸಿದೆ. ಅಲ್ಲಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್, ಐಹೊಳೆ ಅದಕ್ಕಿಂತ ಸ್ವಲ್ಪ ಮುಂದೆ. ವಯಸ್ಸಾದವರಿದ್ದರೆ ಬೆಳಗಿನ ತಂಪಿನಲ್ಲೇ ಮೆಟ್ಟಿಲು ಹತ್ತಿಸಿ. ಕೈಯಲ್ಲಿ ತಿಂಡಿ ಕವರ್ ಬೇಡ, ಕೋತಿ ಜಾಸ್ತಿ. ಗಾಡಿ ಮಾಡಿಕೊಂಡರೆ ಯಾವ ಜಾಗಕ್ಕೆ ಎಷ್ಟು ಗಂಟೆ ಅಂತ ವಾಟ್ಸ್ಆಪ್‌ನಲ್ಲಿ ಬರೆಸಿಕೊಳ್ಳಿ, ಅರ್ಧ ದುಡ್ಡನ್ನು ಪ್ರವಾಸ ಮುಗಿಸಿ ಬಂದ ಮೇಲೆ ಕೊಡಿ. ಮೇಗುಟಿ, ಕಪ್ಪೆ ಅರಭಟ್ಟನ ಬಂಡೆ ಅಂತ ಹೆಸರು ಹಿಡಿದು ಕೇಳಿ. ‘ಟೈಮಿದ್ದರೆ ನೋಡೋಣ’ ಅಂದರೆ ಆ ಗಾಡಿ ಹತ್ತಬೇಡಿ.