ಹಾಸನದಲ್ಲಿ ಮಾಡಿಸಿದ ಕರೆಂಟ್ ಟೆಸ್ಟ್: ಐದಕ್ಕೆ ನಾಲ್ಕು

ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಓಡುತ್ತದೆಂದು ನೋಡುವ ಟೆಸ್ಟ್ ಇದು. ಡಾಕ್ಟರ ಚೀಟಿಯಲ್ಲಿ ಎನ್‌ಸಿಎಸ್ (ನರ್ವ್ ಕಂಡಕ್ಷನ್ ಸ್ಟಡಿ) ಅಂತ ಇರುತ್ತದೆ, ನಮ್ಮ ಕಡೆ ಎಲ್ಲರೂ ಹೇಳುವುದು ಕರೆಂಟ್ ಟೆಸ್ಟ್. ಆ ಹೆಸರಿಗೇ ಹೆದರಿ ಮುಂದೂಡುವವರಿದ್ದಾರೆ. ಚುರುಕ್ಕೆನ್ನುತ್ತದೆ, ಅಷ್ಟೇ. ಸೂಜಿ ಚುಚ್ಚುವುದು ಬೇರೆ ಟೆಸ್ಟ್, ನನಗೆ ಅದು ಬೇಕಾಗಲಿಲ್ಲ. ಎರಡೂ ಕೈಗೆ ಸೇರಿ 2,400 ರೂಪಾಯಿ ತೆಗೆದುಕೊಂಡರು.

ನಾಲ್ಕು ಸ್ಟಾರ್ ಪೂರ್ತಿ ಟೆಕ್ನಿಷಿಯನ್ ಹುಡುಗಿಗೆ. ಡಿಸೆಂಬರ್ ಬೆಳಗ್ಗೆ ಸ್ಕೂಟರಿನಲ್ಲಿ ಹೋಗಿದ್ದೆ, ಕೈ ಕೊರೆಯುತ್ತಿತ್ತು. ಮುಟ್ಟಿ ನೋಡಿದವಳೇ, "ಮೇಡಂ, ಹಿಂಗೇ ಮಾಡಿದ್ರೆ ರಿಪೋರ್ಟ್ ತಪ್ಪು ಬರುತ್ತೆ" ಎಂದು ಬಿಸಿನೀರಿನ ಬ್ಯಾಗ್ ಕೊಟ್ಟು ಕೂರಿಸಿದಳು. ಸರಿಯಾದ ಮಾತು. ಕೈಯ ಉಷ್ಣತೆ ಒಂದು ಡಿಗ್ರಿ ಇಳಿದರೆ ನರದಲ್ಲಿ ಸಂದೇಶದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಕುಗ್ಗುತ್ತದೆ. ಚೆನ್ನಾಗಿರುವ ನರವೂ ಕೆಟ್ಟಂತೆ ಕಾಣುತ್ತದೆ. ತಣ್ಣಗಿರುವ ಕೈಗೆ ಹಾಗೇ ಕರೆಂಟ್ ಕೊಡುವ ಕಡೆ ಮಾಡಿಸಬೇಡಿ.

ಹೆಬ್ಬೆರಳ ಬುಡಕ್ಕೆ ಎಲೆಕ್ಟ್ರೋಡ್ ಅಂಟಿಸಿ ಮಣಿಕಟ್ಟಿನಲ್ಲಿ ಒಮ್ಮೆ, ಮೊಣಕೈ ಮಡಿಕೆಯಲ್ಲಿ ಒಮ್ಮೆ ಕರೆಂಟ್ ಕೊಡುತ್ತಾರೆ. ಹೆಬ್ಬೆರಳು ತಾನಾಗಿ ಎಗರುತ್ತದೆ! ಮಿದುಳು ಆಜ್ಞೆ ಕೊಡುತ್ತದೆ, ಸ್ನಾಯು ಪಾಲಿಸುತ್ತದೆ ಎಂದು ಹತ್ತನೇ ಕ್ಲಾಸಿಗೆ ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ನನ್ನನ್ನು ಕೇಳದೆ ನನ್ನದೇ ಬೆರಳು ಕುಣಿದಾಗ ನಗು ಬಂತು. ನರತಂತುವಿನೊಳಗೆ ಸೋಡಿಯಂ ಅಯಾನುಗಳು ನುಗ್ಗಿದರೆ ಸಂದೇಶ ಹೊರಟೇಬಿಡುತ್ತದೆ, ಹೊರಡಿಸಿದವರು ಯಾರೆಂದು ಸ್ನಾಯು ವಿಚಾರಿಸುವುದಿಲ್ಲ. ಎರಡು ಜಾಗಗಳ ನಡುವೆ ಟೇಪು ಹಿಡಿದರೆ 22 ಸೆಂ.ಮೀ., ಸಮಯದ ವ್ಯತ್ಯಾಸ 4 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ 55 ಮೀಟರ್. 50 ದಾಟಿದರೆ ಸರಿ. 1850ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದ ವೇಗ ಕಂಡುಹಿಡಿದದ್ದೂ ಹೀಗೆಯೇ, ಎರಡು ಕಡೆ ಮುಟ್ಟಿಸಿ ಸಮಯ ಕಳೆದು.

ತೊಂದರೆ ಸಿಕ್ಕಿದ್ದು ಮಣಿಕಟ್ಟಿನಲ್ಲಿ. ಅಲ್ಲಿಂದ ಹೆಬ್ಬೆರಳಿಗೆ ನಾಲ್ಕೂವರೆ ಮಿಲಿಸೆಕೆಂಡಿನೊಳಗೆ ಮುಟ್ಟಬೇಕಾದದ್ದು ನನಗೆ 5.8. ಹೆಬ್ಬೆರಳ ಕಡೆಗೆ ಹೋಗುವ ಮೀಡಿಯನ್ ನರ, ಮಣಿಕಟ್ಟಿನಲ್ಲಿರುವ ಕಾರ್ಪಲ್ ಟನಲ್ ಎಂಬ ಕಿರಿದಾದ ದಾರಿಯ ಇಕ್ಕಟ್ಟಿನಲ್ಲಿ ಒತ್ತಿಕೊಂಡಿದೆ. ಒತ್ತಡಕ್ಕೆ ಮೊದಲು ಕೆಡುವುದು ನರತಂತುವಿನ ಮೇಲಿನ ಕೊಬ್ಬಿನ ಹೊದಿಕೆಯಾದ ಮೈಲಿನ್, ಅದು ಕೆಟ್ಟ ಕಡೆ ಸಂದೇಶ ನಿಧಾನ. ರಾತ್ರಿ ಮಿಕ್ಕ ಬೆರಳು ಜೋಮು ಹಿಡಿದರೂ ಕಿರುಬೆರಳು ಆರಾಮಾಗಿರುತ್ತಿತ್ತು, ಅದಕ್ಕೆ ಹೋಗುವ ಅಲ್ನಾರ್ ನರದ ದಾರಿ ಬೇರೆ.

ಒಂದು ವಿಷಯ ಅಲ್ಲಿ ಯಾರೂ ಹೇಳುವುದಿಲ್ಲ. ಉರಿ, ನೋವು ಒಯ್ಯುವ, ಮೈಲಿನ್ ಇಲ್ಲದ ಸಣ್ಣ ತಂತುಗಳು ಸೆಕೆಂಡಿಗೆ ಸುಮಾರು 1 ಮೀಟರ್ ವೇಗದವು, ಈ ಟೆಸ್ಟಿಗೆ ಸಿಗುವುದಿಲ್ಲ. ಶುಗರ್ ಇದ್ದು ಪಾದ ಉರಿಯುವವರಿಗೆ ರಿಪೋರ್ಟ್ ನಾರ್ಮಲ್ ಬಂದರೂ ಉರಿ ಸುಳ್ಳಲ್ಲ.

ಒಂದು ಸ್ಟಾರ್ ಕತ್ತರಿಸಿದ್ದು ರಿಪೋರ್ಟಿಗೆ. ಪುಟಗಟ್ಟಲೆ ಅಂಕಿ, ಎಲ್ಲಾ ಇಂಗ್ಲಿಷು. ಕೇಳಿದರೆ ಕೌಂಟರಿನವರು "ಡಾಕ್ಟರಿಗೆ ತೋರ್ಸಿ" ಎಂದು ಮುಂದಿನ ಟೋಕನ್ ಕೂಗಿದರು. ನಾನು ಹೇಗೋ ಓದಿಕೊಂಡೆ, ಪಕ್ಕದಲ್ಲಿ ಕೂತಿದ್ದ ಟೈಲರಮ್ಮ ಏನು ಮಾಡಬೇಕು? ಲಿಫ್ಟೂ ಇಲ್ಲ.

ಹೋಗುವವರು ಬಳೆ, ಉಂಗುರ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಕೈಗೆ ಎಣ್ಣೆ, ಕ್ರೀಮು ಹಚ್ಚಬೇಡಿ. ಪೇಸ್‌ಮೇಕರ್ ಇದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ.