ಸಿಲಿಕೋನ್ ಸ್ಕಾರ್ ಶೀಟ್: ವರ್ಷದ ಮೇಲೆ ಬಳಸಿ ನೋಡಿದ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಗಾಯದ ಕಲೆ ಮೇಲೆ ಅಂಟಿಸೋ ಈ ಸಿಲಿಕೋನ್ ಹಾಳೆಯಿಂದ ಕಲೆ ಮಾಯ ಆಗಲ್ಲ, ಪ್ಯಾಕೆಟ್ ಮೇಲೆ ಯಾವ ಫೋಟೋ ಹಾಕಿದ್ರೂ ಅಷ್ಟೇ. ಉಬ್ಬು ಇಳಿಯುತ್ತೆ, ತುರಿಕೆ ನಿಲ್ಲುತ್ತೆ, ನನಗೆ ಬೇಕಾಗಿದ್ದೂ ಅದೇ. ಭುಜದ ಆಪರೇಷನ್ ಆದ್ಮೇಲೆ ಹೊಲಿಗೆ ಜಾಗ ಒಣಗಿದ್ದೇನೋ ಸರಿ, ಆಮೇಲೆ ನೋಡ್ತಾ ನೋಡ್ತಾ ಕೆಂಪಗೆ ಹಗ್ಗದ ಥರ ಎದ್ದು ನಿಂತ್ಕೊಂಡು ಬಟ್ಟೆ ತಾಗಿದ್ರೂ ಕಡಿತ ಶುರು. ಸ್ಕಿನ್ ಡಾಕ್ಟರ್ ನೋಡಿ ಇದು ಹೈಪರ್‌ಟ್ರೋಫಿಕ್ ಸ್ಕಾರ್, ಗಾಯದ ಗೆರೆ ಒಳಗೇ ಉಬ್ಬಿದೆ, ಗೆರೆ ದಾಟಿ ಪಕ್ಕದ ಚರ್ಮಕ್ಕೂ ಹಬ್ಬಿದ್ರೆ ಕೀಲಾಯ್ಡ್ ಅಂತಾರೆ, ಅದು ಭಾರಿ ಹಠಮಾರಿ, ಬರೀ ಕತ್ತರಿಸಿ ತೆಗೆದ್ರೆ ಮತ್ತೆ ಬರೋದೇ ಜಾಸ್ತಿ ಅಂದ್ರು.

ಶೀಟ್‌ನಲ್ಲಿ ಔಷಧಿ ಅಂತ ಏನೂ ಇಲ್ಲ. ಚರ್ಮದ ತೇವ ಆರದ ಹಾಗೆ ಮುಚ್ಚಿಡುತ್ತೆ, ತೇವ ಉಳಿದ್ರೆ ಒಳಗಡೆ ಕೊಲಾಜನ್ (ಚರ್ಮಕ್ಕೆ ಗಟ್ಟಿತನ ಕೊಡೋ ಪ್ರೋಟೀನ್) ವಿಪರೀತ ಬೆಳೆಯೋದು ತಗ್ಗುತ್ತೆ, ಇಷ್ಟೇ ಲೆಕ್ಕ. ಅದಕ್ಕೇ ದಿನಕ್ಕೆ ಕಮ್ಮಿ ಅಂದ್ರೂ 12 ಗಂಟೆ, ಆದಷ್ಟು ಇಡೀ ದಿನ, ಅದೂ 2-3 ತಿಂಗಳು ಬಿಡದೆ ಹಾಕ್ಬೇಕು, ಮತ್ತೆ ಗಾಯ ಪೂರ್ತಿ ಮುಚ್ಚಿದ್ಮೇಲೆ ಮಾತ್ರ. ಹೇಳೋಕೆ ಸುಲಭ. ಸೆಕೆಗಾಲದಲ್ಲಿ ಅಡಿಯಲ್ಲಿ ಬೆವರು ನಿಂತು ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಅಂಚಿಗೆ ಬಟ್ಟೆ ನೂಲು ಧೂಳು ಎಲ್ಲಾ ಮೆತ್ಕೊಂಡು ಕಪ್ಪಗೆ ಗೀಟು ಬೀಳುತ್ತೆ, ದಿನಾ ಸೋಪು ನೀರಲ್ಲಿ ತೊಳೆದು ಅಂಟಿನ ಭಾಗ ಮೇಲೆ ಮಾಡಿ ಒಣಗಿಸ್ಬೇಕು, ಟವಲಲ್ಲಿ ಒರೆಸಿದ್ರೋ ಅಂಟು ಅವತ್ತಿಗೇ ಢಮಾರ್. ಮುಖ, ಮೊಣಕೈ ಅಂಥ ಜಾಗಕ್ಕೆ ಶೀಟ್ ನಿಲ್ಲಲ್ಲ, ಅಲ್ಲಿಗೆ ಸಿಲಿಕೋನ್ ಜೆಲ್ಲೇ ವಾಸಿ.

ಮೊದಲು ಹೋಗಿದ್ದು ತುರಿಕೆ. ಆಮೇಲೆ ನಿಧಾನಕ್ಕೆ ಮೆತ್ತಗಾಯ್ತು, ಒಂದು ತುದಿ ಬಿಟ್ಟು. ಆ ತುದಿ ಕಲ್ಲಿನಂಗೇ ಉಳೀತು, ಅದಕ್ಕೆ ಟ್ರೈಆಮ್ಸಿನೊಲೋನ್ ಅನ್ನೋ ಸ್ಟೀರಾಯ್ಡ್ ಇಂಜೆಕ್ಷನ್, 4-6 ವಾರಕ್ಕೊಂದು ಸಲ. ನೋವಿದೆ, ಸುಳ್ಳು ಹೇಳಲ್ಲ. ಕಲೆ ಎಷ್ಟು ಗಟ್ಟಿ ಅಂದ್ರೆ ಔಷಧಿ ಒಳಗೇ ಹೋಗಲ್ಲ, ಡಾಕ್ಟರ್ ಹೆಬ್ಬೆರಳು ಊರಿ ಸಿರಿಂಜ್ ಒತ್ತಬೇಕು, ಒತ್ತಿದ ಹಾಗೆ ಆ ಜಾಗ ಬೆಳ್ಳಗಾಗ್ತಾ ಬರೋದು ಕಾಣುತ್ತೆ. ಇಳಿದಿದ್ದಂತೂ ನಿಜ, ಆದ್ರೆ ಸುತ್ತ ಚರ್ಮ ಸ್ವಲ್ಪ ತೆಳುವಾಗಿ ಬಣ್ಣ ತಿಳಿಯಾಗಿದೆ, ಇದು ಗೊತ್ತಿರೋ ಸೈಡ್ ಎಫೆಕ್ಟೇ, ಹಾಕಿಸ್ಕೊಳ್ಳೋಕೆ ಮುಂಚೆ ಕೇಳಿ ತಿಳ್ಕೊಳ್ಳಿ.

ವಿಟಮಿನ್ ಇ ಎಣ್ಣೆ ಹಚ್ಚು ಅಂತ ಸಿಕ್ಕವರೆಲ್ಲಾ ಹೇಳ್ತಾರೆ. ಉಪಯೋಗ ಆಗುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ, ಕೆಲವರಿಗೆ ಅದರಿಂದಲೇ ಅಲರ್ಜಿ ದದ್ದು ಏಳುತ್ತೆ, ನಾನು ಮುಟ್ಟಲಿಲ್ಲ. ಸನ್‌ಸ್ಕ್ರೀನ್ ಮಾತ್ರ ತಪ್ಪಿಸ್ಬೇಡಿ, ಎಸ್‌ಪಿಎಫ್ 30ರ ಮೇಲಿಂದು, ಹೊಸ ಕಲೆ ಬಿಸಿಲಿಗೆ ಕಪ್ಪಾದ್ರೆ ಬೇಗ ತಿಳಿಯಾಗಲ್ಲ. ಕಲೆ ತಾನಾಗೇ ಪಕ್ವ ಆಗೋಕೇ ಒಂದು ಒಂದೂವರೆ ವರ್ಷ ಹಿಡಿಯುತ್ತೆ, ಹಾಗಾಗಿ ನನ್ನದು ತಿಳಿಯಾಗಿದ್ರಲ್ಲಿ ಶೀಟ್ ಪಾಲೆಷ್ಟು ಕಾಲದ ಪಾಲೆಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ.

ಮೊಡವೆ ಬಿಟ್ಟುಹೋದ ಹಳ್ಳಕ್ಕೆ ಅಂತ ಇದನ್ನ ತಗೊಳ್ಳೋರಿದ್ರೆ ದಯವಿಟ್ಟು ದುಡ್ಡು ಉಳಿಸ್ಕೊಳ್ಳಿ, ಇದು ಉಬ್ಬಿದ ಕಲೆಗೆ ಮಾತ್ರ. ಹಳ್ಳಕ್ಕೆ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚೋದು), ಫ್ರಾಕ್ಷನಲ್ ಲೇಸರ್ (ಚರ್ಮಕ್ಕೆ ಚುಕ್ಕೆ ಚುಕ್ಕೆಯಾಗಿ ಲೇಸರ್ ಬಿಡೋದು) ಅಂತ ಬೇರೆ ದಾರಿ ಇದೆ, ಲೇಸರ್‌ಗೆ ಹೋದ್ರೆ ಕಪ್ಪು ಚರ್ಮದವರಿಗೆ ಮಾಡಿ ಅಭ್ಯಾಸ ಇರೋ ಡಾಕ್ಟರ್ ಹತ್ರಾನೇ ಹೋಗಿ, ಇಲ್ಲಾಂದ್ರೆ ಹಳ್ಳದ ಜೊತೆ ಕಪ್ಪು ಕಲೇನೂ ಸೇರ್ಕೊಳ್ಳುತ್ತೆ.