ಎಂಟು ಭಾನುವಾರದ ಅಂತರರಾಷ್ಟ್ರೀಯ ಕಾನೂನು ಕ್ಲಾಸ್: ಮೇಷ್ಟ್ರು ಸೂಪರ್, ನೋಟ್ಸ್ ಬೇಡ

ನಾನು ಹೋಗಿದ್ದ ಕ್ಲಾಸ್ ಹೇಗಿತ್ತು ಅಂತ ಕೆಎಎಸ್‌ಗೆ ಓದುತ್ತಿರುವ ಸುಮಾರು ಜನ ಕೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ. ವಿಜಯನಗರದ ಒಂದು ಕೋಚಿಂಗ್ ಸೆಂಟರ್, ಹೆಸರು ಬೇಡ ಬಿಡಿ. ಅಂತರರಾಷ್ಟ್ರೀಯ ಕಾನೂನು ಮತ್ತು ಸಂಸ್ಥೆಗಳ ಬಗ್ಗೆ ಕನ್ನಡದಲ್ಲೇ ಎಂಟು ಭಾನುವಾರ ಕ್ಲಾಸ್. ಫೀಸು 3,500. ಮೂರನೇ ಮಹಡಿ, ಲಿಫ್ಟ್ ಇಲ್ಲ. ಎಸಿ ರೂಮು ಅಂದಿದ್ದರು, ಇದ್ದದ್ದು ನಾಲ್ಕು ಫ್ಯಾನು, ಅದರಲ್ಲೊಂದು ಗಾಳಿಗಿಂತ ಸದ್ದೇ ಜಾಸ್ತಿ ಕೊಡುತ್ತಿತ್ತು.

ಮೊದಲು ನೋಟ್ಸ್ ಕಥೆ ಮುಗಿಸುತ್ತೇನೆ. 140 ಪುಟದ ಜೆರಾಕ್ಸ್. ಯಾವ ಪುಟ ತೆಗೆದರೂ 'ಸಾರ್ವಭೌಮತ್ವಕ್ಕೆ ಧಕ್ಕೆ'. ವಿಶ್ವಸಂಸ್ಥೆ ಬಂತು, ಧಕ್ಕೆ. ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಬಂತು, ಧಕ್ಕೆ. ಯಾರು ಒಪ್ಪಿ ಸಹಿ ಹಾಕಿದ್ದು, ಹಾಕದೇ ಇದ್ದಿದ್ದರೆ ಏನಾಗುತ್ತಿತ್ತು, ಒಂದು ಸಾಲೂ ಇಲ್ಲ.

ಆದರೆ ಮೇಷ್ಟ್ರು ಬೇರೆಯೇ. ಎರಡನೇ ಭಾನುವಾರ ಬಂದವರೇ ಬೋರ್ಡಿನ ಮೇಲೆ 2000, 2019 ಅಂತ ಎರಡು ಇಸವಿ ಬರೆದು ಸುಮ್ನೆ ನಿಂತರು. ಆಮೇಲೆ ಶುರು ಮಾಡಿದರು. 1999ರ ಆಗಸ್ಟಿನಲ್ಲಿ ಪಾಕಿಸ್ತಾನದ ನೌಕಾಪಡೆ ವಿಮಾನವನ್ನು ನಮ್ಮವರು ಕಛ್ ಹತ್ತಿರ ಹೊಡೆದುರುಳಿಸಿದರು, ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು. ಭಾರತ ಅಲ್ಲಿ ಹೇಳಿದ್ದು ಒಂದೇ ಮಾತು: ಈ ಕೇಸು ಕೇಳೋ ಅಧಿಕಾರ ನಿಮಗಿಲ್ಲ, ಕಾಮನ್‌ವೆಲ್ತ್ ದೇಶಗಳ ಜಗಳ ನಿಮ್ಮ ಹತ್ತಿರ ತರಲ್ಲ ಅಂತ ನಾವು ಮೊದಲೇ ಬರೆದುಕೊಟ್ಟಿದ್ದೇವೆ. 2000ದಲ್ಲಿ 14-2ರಿಂದ ಭಾರತ ಗೆದ್ದಿತು. ಅದೇ ಭಾರತ 2017ರಲ್ಲಿ, ಪಾಕಿಸ್ತಾನ ಗೂಢಚಾರ ಅಂತ ಮರಣದಂಡನೆ ಕೊಟ್ಟಿದ್ದ ಕುಲಭೂಷಣ್ ಜಾಧವ್ ವಿಷಯಕ್ಕೆ ತಾನಾಗಿಯೇ ಅದೇ ಕೋರ್ಟಿನ ಬಾಗಿಲು ತಟ್ಟಿತು, ಯಾಕೆಂದರೆ ರಾಯಭಾರ ಕಚೇರಿಯವರು ತಮ್ಮ ದೇಶದ ಕೈದಿಯನ್ನು ನೋಡುವ ಹಕ್ಕಿನ ಒಪ್ಪಂದವನ್ನೂ, ಅದರ ಜಗಳ ಈ ಕೋರ್ಟಿಗೆ ತರಬಹುದು ಅನ್ನುವುದನ್ನೂ ಎರಡೂ ದೇಶ ಒಪ್ಪಿಕೊಂಡಿದ್ದವು. 2019ರ ಜುಲೈಯಲ್ಲಿ 15-1ರಿಂದ ಭಾರತದ ಪರ ತೀರ್ಪು ಬಂತು. ಬಿಡುಗಡೆ ಮಾಡಿ ಅಂತ ಕೋರ್ಟು ಹೇಳಲಿಲ್ಲ, ಶಿಕ್ಷೆಯನ್ನು ಮರುಪರಿಶೀಲನೆ ಮಾಡಿ ಅಂದಿತು ಅಷ್ಟೇ. 'ಈಗ ಹೇಳಿ, ಎಲ್ಲಿ ಯಾರ ಸಾರ್ವಭೌಮತ್ವ ಹೋಯಿತು?' ಅಂತ ಮೇಷ್ಟ್ರು ಕೇಳಿದಾಗ ಹಿಂದಿನ ಬೆಂಚೂ ಫೋನ್ ಕೆಳಗಿಟ್ಟಿತು. ನಡುವೆ, ಅದೇ ಕೋರ್ಟಿಗೆ 1952ರಲ್ಲಿ ನ್ಯಾಯಾಧೀಶರಾಗಿ ಹೋದ ಬಿ.ಎನ್. ರಾವ್ ಮಂಗಳೂರಿನವರು ಅಂದರು. ನೋಟ್ಸಿನಲ್ಲಿ ಆ ಹೆಸರೇ ಇಲ್ಲ.

ನನಗೆ ದುಡ್ಡು ವಸೂಲಾದದ್ದು ಐದನೇ ಭಾನುವಾರ, ಸಕ್ಕರೆ ಕೇಸಿಗೆ. ನಮ್ಮದು ಮಂಡ್ಯ ಕಡೆ, ಅಪ್ಪ ಎರಡು ಎಕರೆ ಕಬ್ಬು ಹಾಕುತ್ತಾರೆ. ಕೇಂದ್ರ ಸರ್ಕಾರ ಪ್ರತಿ ವರ್ಷ ಕಬ್ಬಿಗೆ ಎಫ್‌ಆರ್‌ಪಿ ಅಂತ ಕಾರ್ಖಾನೆಗಳು ಕೊಡಬೇಕಾದ ಕನಿಷ್ಠ ದರ ನಿಗದಿ ಮಾಡುತ್ತದಲ್ವಾ, ಅದರ ವಿರುದ್ಧ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಡಬ್ಲ್ಯುಟಿಒಗೆ ದೂರು ಕೊಟ್ಟಿದ್ದವು. ಬೆಳೆಯ ಒಟ್ಟು ಮೌಲ್ಯದ ಶೇ. 10ಕ್ಕಿಂತ ಜಾಸ್ತಿ ಬೆಂಬಲ ಕೊಡಬಾರದು ಅನ್ನುವುದು ಭಾರತ ಒಪ್ಪಿಕೊಂಡ ಮಿತಿ. 2014-15ರಿಂದ 2018-19ರವರೆಗೆ ಐದೂ ಹಂಗಾಮಿನಲ್ಲಿ ಅದು ಮೀರಿದೆ ಅಂತ 2021ರ ಡಿಸೆಂಬರಿನಲ್ಲಿ ಡಬ್ಲ್ಯುಟಿಒದ ವಿಚಾರಣಾ ಸಮಿತಿ ತೀರ್ಪು ಕೊಟ್ಟಿತು. ಮುಂದಿನ ತಿಂಗಳೇ ಭಾರತ ಮೇಲ್ಮನವಿ ಹಾಕಿತು. ಮಜಾ ಅಂದರೆ ಮೇಲ್ಮನವಿ ಕೇಳಲು ಅಲ್ಲಿ ಯಾರೂ ಇಲ್ಲ! ಹೊಸಬರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿ 2019ರ ಡಿಸೆಂಬರಿನಲ್ಲೇ ಆ ಪೀಠ ನಿಂತುಹೋಗಿತ್ತು. ತೀರ್ಪು ನೇತಾಡುತ್ತಿದೆ, ಎಫ್‌ಆರ್‌ಪಿ ನಡೆಯುತ್ತಿದೆ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. 'ಜಾಸ್ತಿ ಕೊಡ್ತಾವ್ರೆ ಅಂತ ಕಂಪ್ಲೇಂಟಾ? ಫ್ಯಾಕ್ಟ್ರಿಯೋರು 14 ದಿನಕ್ಕೆ ದುಡ್ಡು ಕೊಡಬೇಕು ಅಂತ ಕಾನೂನು ಐತಲ್ಲ, ಬಾಕಿ ಯಾವಾಗ ಕೊಡ್ತಾರಂತೆ, ಅದೇನಾರಾ ಹೇಳ್ಕೊಟ್ರಾ ಮಗ?' ಅಂದರು. ಇಲ್ಲ ಅಪ್ಪ, ಅದು ಸಿಲಬಸ್‌ನಲ್ಲಿಲ್ಲ.

ಕೊರತೆಗಳೂ ಇವೆ. ಕೃಷಿ ರಾಜ್ಯ ಪಟ್ಟಿಯಲ್ಲಿದ್ದರೂ, ಒಪ್ಪಂದ ಜಾರಿ ಮಾಡಲು ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಬಹುದು ಅನ್ನುತ್ತದೆ ಸಂವಿಧಾನದ 253ನೇ ವಿಧಿ. ಡೆಲ್ಲಿ ಸಹಿಯಿಂದ ಬೆಂಗಳೂರಿನ ಅಧಿಕಾರ ಎಷ್ಟು ಉಳಿಯುತ್ತದೆ ಅನ್ನುವುದೇ ನಮಗೆ ಬೇಕಾದ ಪ್ರಶ್ನೆ, ನಾನು ಎದ್ದು ಕೇಳಿದ್ದಕ್ಕೆ ಐದು ನಿಮಿಷ ಸಿಕ್ಕಿತು. ಸಮುದ್ರದ ಗಡಿ ವಿಷಯ ಓಡಿಸಿಬಿಟ್ಟರು. ಬಂಗಾಳಕೊಲ್ಲಿಯಲ್ಲಿ 2014ರ ತೀರ್ಪಿನಿಂದ ಬಾಂಗ್ಲಾದೇಶಕ್ಕೆ 19,467 ಚದರ ಕಿ.ಮೀ. ಹೋದದ್ದು, ಭಾರತ ಅದನ್ನು ಒಪ್ಪಿಕೊಂಡದ್ದು, ದಕ್ಷಿಣ ಚೀನಾ ಸಮುದ್ರದ ಬಗ್ಗೆ ಫಿಲಿಪೀನ್ಸ್ ಪರ ಬಂದ 2016ರ ತೀರ್ಪನ್ನು ಚೀನಾ ಕಸದ ಬುಟ್ಟಿಗೆ ಹಾಕಿದ್ದು, ಎರಡೂ ಹತ್ತು ನಿಮಿಷದಲ್ಲಿ ಮುಗಿಯಿತು.

ರೆಕಾರ್ಡಿಂಗ್ ಆರು ತಿಂಗಳು ಸಿಗುತ್ತೆ ಅಂದಿದ್ದರು, 90 ದಿನಕ್ಕೇ ಆ್ಯಪ್ ಲಾಕ್ ಆಯಿತು. ಫೋನ್ ಮಾಡಿದರೆ 'ಸರ್ ಮೀಟಿಂಗಲ್ಲಿದ್ದಾರೆ'. ಸೇರುವುದಾದರೆ ಇದೇ ಮೇಷ್ಟ್ರು ಬರುತ್ತಾರಾ ಅಂತ ಮೊದಲು ಕೇಳಿಕೊಳ್ಳಿ. ನೋಟ್ಸಿಗೆ ಬೇರೆ 400 ಕೇಳುತ್ತಾರೆ, ಆ ದುಡ್ಡಿಗೆ ಒಂದು ದಪ್ಪ ನೋಟ್‌ಬುಕ್ ತಗೊಂಡು ಬೋರ್ಡಿನ ಮೇಲಿನದ್ದನ್ನು ಬರೆದುಕೊಳ್ಳಿ. ಬಲಗಡೆ ಮೂಲೆಯ ಫ್ಯಾನ್ ಕೆಳಗೆ ಮಾತ್ರ ಕೂರಬೇಡಿ.